ಇಲ್ಲದ ತಟ್ಟೆಗೆ ಸ್ಕೇಲ್ ಯಾವುದು? ರೆವೆಲ್ ‘ಹೌನೆಬು’ ಪ್ರಕರಣ

2018ರ ಜೂನ್‌ನಲ್ಲಿ ಜರ್ಮನಿಯ ರೆವೆಲ್ ಕಂಪನಿ ತಾನೇ ಮಾರುತ್ತಿದ್ದ ಒಂದು ಪ್ಲಾಸ್ಟಿಕ್ ಕಿಟ್ಟನ್ನು ಪಟ್ಟಿಯಿಂದ ತೆಗೆದುಹಾಕಿ ಕ್ಷಮೆ ಕೇಳಿತು. ಕಿಟ್ಟಿನ ಹೆಸರು ‘ಫ್ಲೈಯಿಂಗ್ ಸಾಸರ್ ಹೌನೆಬು 2’. ಸ್ಕೇಲ್ 1:72, ಬಿಡಿಭಾಗ 69, ಬೆಲೆ 50 ಯೂರೋಗೆ ಒಂದು ಸೆಂಟ್ ಕಡಿಮೆ. ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿ ಜರ್ಮನಿ ಕಟ್ಟಿತೆಂದು ಕೆಲವರು ಹೇಳುವ, ಆದರೆ ಯಾರೂ ಎಂದೂ ಕಟ್ಟದ ಹಾರುವ ತಟ್ಟೆಯ ಮಾಡೆಲ್ ಅದು.

ಮಿಲಿಟರಿ ಮಿನಿಯೇಚರ್ ಹವ್ಯಾಸದಲ್ಲಿ ಜಗಳ ಹೊಸದೇನಲ್ಲ. ಎಸ್‌ಎಸ್ (ನಾಜಿ ಪಕ್ಷದ ಸಶಸ್ತ್ರ ಪಡೆ) ಸಮವಸ್ತ್ರದ ಲೋಹದ ಸೈನಿಕರು, ತೆರೆದ ಕಾರಿನಲ್ಲಿ ಕೈ ಚಾಚಿ ನಿಂತ ಹಿಟ್ಲರ್, ಬಾಲದ ಮೇಲೆ ಸ್ವಸ್ತಿಕ ಹೊತ್ತ ಮೆಸ್ಸರ್‌ಷ್ಮಿಟ್ ಯುದ್ಧವಿಮಾನ. ಇವನ್ನು ಮಾಡಬಹುದೇ, ಮಾರಬಹುದೇ, ಕೊಂಡರೆ ನೆಂಟರು ಕೂರುವ ಕೋಣೆಯ ಷೋಕೇಸಿನಲ್ಲಿ ಇಡಬಹುದೇ ಎಂಬ ವಾದ ಹವ್ಯಾಸದಷ್ಟೇ ಹಳೆಯದು. ಹೌನೆಬು ಡಬ್ಬದಲ್ಲಿ ಹಿಟ್ಲರನ ಮುಖ ಇರಲಿಲ್ಲ, ಸ್ವಸ್ತಿಕ ಇರಲಿಲ್ಲ. ಕಾನೂನಿನ ಕೈಗೆ ಸಿಗುವಂಥದ್ದು ಏನೂ ಇರಲಿಲ್ಲ. ಹಾಗಿದ್ದೂ ವಾಪಸ್ ಹೋದದ್ದು ಇದೇ ಕಿಟ್ಟು; ಕಾನೂನಿನ ಗಡಿಗೆ ತಾಗಿಕೊಂಡೇ ಬದುಕುವ ಉಳಿದ ಎಷ್ಟೋ ಕಿಟ್ಟುಗಳು ಅಂಗಡಿಯ ಅಟ್ಟದಲ್ಲೇ ಉಳಿದವು. ನನಗೆ ಈ ಪ್ರಕರಣದಲ್ಲಿ ಕುತೂಹಲ ಹುಟ್ಟಿಸಿದ್ದು ಅದೇ.

ಡಬ್ಬದ ಮೇಲೆ ಏನಿತ್ತು

ಮೊದಲು ಕಂಪನಿಯ ಪರಿಸ್ಥಿತಿ, ಚುಟುಕಾಗಿ. ರೆವೆಲ್ ಮೂಲತಃ ಅಮೆರಿಕದ ಹೆಸರು. ಜರ್ಮನ್ ಶಾಖೆ 1956ರಲ್ಲಿ ಬ್ಯೂಂಡೆ ಎಂಬ ಪಟ್ಟಣದಲ್ಲಿ ಶುರುವಾಯಿತು. 2012ರಿಂದ ಇದರ ಒಡೆತನ ಅಮೆರಿಕದ ಹಾಬಿಕೋ ಕೈಯಲ್ಲಿತ್ತು. 2018ರ ಜನವರಿಯಲ್ಲಿ ಹಾಬಿಕೋ ದಿವಾಳಿ ಅರ್ಜಿ ಹಾಕಿತು, ಏಪ್ರಿಲ್‌ನಲ್ಲಿ ಮ್ಯೂನಿಕ್‌ನ ಹೂಡಿಕೆ ಸಂಸ್ಥೆಯೊಂದು ರೆವೆಲನ್ನು ಕೊಂಡಿತು. ಅಂದರೆ ತಟ್ಟೆಯ ಗಲಾಟೆ ಎದ್ದಾಗ ಹೊಸ ಯಜಮಾನರು ಬಂದು ಎರಡು ತಿಂಗಳಷ್ಟೇ ಆಗಿತ್ತು. ತಟ್ಟೆಯ ಅಚ್ಚು ಕೂಡ ರೆವೆಲ್ಲಿನದಲ್ಲ. ಅಮೆರಿಕದ ಸ್ಕ್ವಾಡ್ರನ್ ಕಂಪನಿ ಮೊದಲೇ ಮಾರುತ್ತಿದ್ದ ಕಿಟ್ಟನ್ನು ರೆವೆಲ್ ತನ್ನ ಡಬ್ಬಕ್ಕೆ ತುಂಬಿತ್ತು. ಹವ್ಯಾಸದಲ್ಲಿ ಇದಕ್ಕೆ ‘ರೀಬಾಕ್ಸ್’ ಎನ್ನುತ್ತಾರೆ. ಎಲ್ಲ ಕಂಪನಿಗಳೂ ಮಾಡುವುದೇ. ರೀಬಾಕ್ಸ್ ಮಾಡುವಾಗ ಪ್ಲಾಸ್ಟಿಕ್ ಬದಲಾಗುವುದಿಲ್ಲ, ಬದಲಾಗುವುದು ಕಾಗದ: ಡಬ್ಬದ ಚಿತ್ರ, ಡೆಕಾಲ್ ಹಾಳೆ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಗಳದು), ಜೋಡಣೆಯ ಸೂಚನೆ, ವಿವರಣೆ. ರೆವೆಲ್ ಎಡವಿದ್ದೂ ಆ ಕಾಗದದಲ್ಲೇ.

ಡಬ್ಬದ ಚಿತ್ರದಲ್ಲಿ ತಟ್ಟೆ ಮಿತ್ರಪಕ್ಷದ ವಿಮಾನಗಳೊಂದಿಗೆ ಕಾದಾಡುತ್ತಿತ್ತು. ಅದರ ಮೈಮೇಲೆ ಜರ್ಮನ್ ವಾಯುಪಡೆಯ ಕಪ್ಪು-ಬಿಳಿ ಶಿಲುಬೆ. ವಿವರಣೆಯ ಪ್ರಕಾರ ಇದು ಬಾಹ್ಯಾಕಾಶದಲ್ಲಿ ಹಾರಬಲ್ಲ ಜಗತ್ತಿನ ಮೊದಲ ವಸ್ತು. ವೇಗ ಗಂಟೆಗೆ 6,000 ಕಿಲೋಮೀಟರ್. 1943ರಲ್ಲಿ ಪರೀಕ್ಷಾ ಹಾರಾಟ. ಯುದ್ಧದ ಕಾರಣದಿಂದ ಮಾತ್ರ ಮುಂದಿನ ಹಂತಕ್ಕೆ ಹೋಗಲಿಲ್ಲ. ‘ಎನ್ನಲಾಗಿದೆ’ ಎಂಬ ಮಾತಾಗಲಿ, ‘ಕಥೆಯ ಪ್ರಕಾರ’ ಎಂಬ ಮಾತಾಗಲಿ ಅಲ್ಲಿ ಎದ್ದು ಕಾಣುತ್ತಿರಲಿಲ್ಲ.

ಕಿಟ್ಟು ಕಟ್ಟುವವರಿಗೆ ಇದರ ತೂಕ ಕೂಡಲೇ ಗೊತ್ತಾಗುತ್ತದೆ. ಯಾವುದೇ ಕಂಪನಿಯ ವಿಮಾನದ ಕಿಟ್ಟು ತೆರೆದರೂ ಸೂಚನಾ ಹಾಳೆಯ ತಲೆಯಲ್ಲಿ ಒಂದು ಪ್ಯಾರಾ ಇರುತ್ತದೆ. ಯಾವ ಎಂಜಿನ್, ಎಷ್ಟು ಅಶ್ವಶಕ್ತಿ, ಮೊದಲ ಹಾರಾಟ ಯಾವಾಗ, ಯಾವ ವಾಯುದಳಕ್ಕೆ ಸೇರಿತ್ತು. ಅದರ ಕೆಳಗೆ ಬಣ್ಣದ ಪಟ್ಟಿ, ಆಮೇಲೆ ಒಂದನೇ ನಂಬರಿನ ತುಂಡನ್ನು ಎರಡನೇ ನಂಬರಿಗೆ ಅಂಟಿಸಿ ಎನ್ನುವ ಚಿತ್ರಗಳು. ಆ ಪ್ಯಾರಾವನ್ನು ಯಾರೂ ಅನುಮಾನಿಸಿ ಓದುವುದಿಲ್ಲ. ರಿವೆಟ್ ಸಾಲು ಒಂದು ಮಿಲಿಮೀಟರ್ ಆಚೀಚೆ ಆದರೆ ಜಗಳಕ್ಕೆ ಬರುವ ಜನ, ಆ ಪ್ಯಾರಾವನ್ನು ಮಾತ್ರ ಪಂಚಾಂಗದಂತೆ ನಂಬುತ್ತಾರೆ. ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್‌ಗೆ ಬಳಸುವ ಅಕ್ಷರ, ಧಾಟಿ, ಅಳತೆಯಲ್ಲೇ ಹೌನೆಬು ಕಥೆಯೂ ಬಂದಾಗ, ಸ್ಪಿಟ್‌ಫೈರ್‌ನ ನಂಬಿಕೆಯ ಒಂದಿಷ್ಟು ಪಾಲು ತಟ್ಟೆಗೂ ಸಂದಿತು.

ಸ್ಕೇಲ್‌ನದೂ ಇದೇ ಕಥೆ. 1:72 ಎಂದರೆ ನಿಜವಾದ ವಸ್ತುವಿನ 72ರಲ್ಲಿ ಒಂದು ಪಾಲು. ಆ ಲೆಕ್ಕದಲ್ಲಿ ಸಾಮಾನ್ಯ ಎತ್ತರದ ಪೈಲಟ್ ಎರಡೂವರೆ ಸೆಂಟಿಮೀಟರ್ ಕೂಡ ಬರುವುದಿಲ್ಲ. ಲೆಕ್ಕ ನಡೆಯುವುದು ಮೂಲವಸ್ತು ಇದ್ದಾಗ. ಮೂಲವೇ ಇಲ್ಲದ ತಟ್ಟೆಯ 72ರಲ್ಲಿ ಒಂದು ಪಾಲು ಎಷ್ಟು? ಡಬ್ಬದ ಮೂಲೆಯಲ್ಲಿ ಅಚ್ಚಾದ ಆ ಸಣ್ಣ ಸಂಖ್ಯೆಯೇ ‘ಇದನ್ನು ಅಳತೆ ತೆಗೆದು ಮಾಡಿದ್ದೇವೆ’ ಎಂದು ಹೇಳದೆ ಹೇಳುತ್ತಿತ್ತು.

ದೂರು ಎರಡು ಕಡೆಯಿಂದ ಬಂತು. ಜರ್ಮನಿಯ ಮಕ್ಕಳ ರಕ್ಷಣಾ ಸಂಘದ ಅಧ್ಯಕ್ಷ ಹೈನ್ಸ್ ಹಿಲ್ಗರ್ಸ್ ಅವರಿಗೆ ಬೇಸರವಾಗಿದ್ದು ಮುಖ್ಯವಾಗಿ ತಯಾರಕರ ಮಾಹಿತಿಯ ಬಗ್ಗೆ: ಓದುವ ಮಗು ಇದನ್ನು ಚರಿತ್ರೆಯೆಂದೇ ತಿಳಿಯುತ್ತದೆ. ಡ್ರೆಸ್ಡೆನ್‌ನ ಸೇನಾ ಇತಿಹಾಸ ವಸ್ತುಸಂಗ್ರಹಾಲಯದ ಇತಿಹಾಸಕಾರ ಯೆನ್ಸ್ ವೇನರ್ ಎರಡು ಮಾತು ಹೇಳಿದರು. ಅಂದಿನ ತಂತ್ರಜ್ಞಾನಕ್ಕೆ ಇಂಥದ್ದನ್ನು ಕಟ್ಟುವುದು ಸಾಧ್ಯವೇ ಇರಲಿಲ್ಲ ಎಂಬುದು ಒಂದು. ನಾಜಿ ಕಾಲದ ಬಗ್ಗೆ ನಮಗೆ ಗೊತ್ತಿರುವುದರ ಮೇಲೆಯೇ ಸಂಶಯ ಹುಟ್ಟಿಸಲು ಬಲಪಂಥೀಯ ತೀವ್ರವಾದಿಗಳು ಇಂಥ ಕಥೆಗಳನ್ನು ಬಳಸುತ್ತಾರೆ ಎಂಬುದು ಇನ್ನೊಂದು. ರೆವೆಲ್ ವಾದಿಸಲು ಹೋಗಲಿಲ್ಲ. ಇದು ಕಟ್ಟಲಾಗದ ಕಾಲ್ಪನಿಕ ಯಂತ್ರ, ನಮ್ಮ ವಿವರಣೆ ಅದನ್ನು ಸರಿಯಾಗಿ ಹೇಳಲಿಲ್ಲ, ಕ್ಷಮಿಸಿ ಎಂದಿತು.

ವೇನರ್ ಅವರ ಮೊದಲ ಮಾತಿಗೆ ಎರಡು ಅಂಕಿ ಸಾಕು. 1944ರ ಜುಲೈನಲ್ಲಿ ಮೆಸ್ಸರ್‌ಷ್ಮಿಟ್ 163 ರಾಕೆಟ್ ವಿಮಾನ ಗಂಟೆಗೆ ಸುಮಾರು 1,130 ಕಿ.ಮೀ. ವೇಗ ಮುಟ್ಟಿತು, ಜರ್ಮನಿಯ ಯುದ್ಧಕಾಲದ ವಿಮಾನಗಳಿಗೆ ಅದೇ ತುತ್ತತುದಿ. ಮನುಷ್ಯ ಕೂತ ವಿಮಾನ 6,000 ದಾಟಿದ್ದು 1961ರಲ್ಲಿ, ಅಮೆರಿಕದ ಎಕ್ಸ್-15. ಆ ವೇಗದಲ್ಲಿ ಗಾಳಿಯ ಉಜ್ಜಾಟಕ್ಕೆ ಮೈ ಕೆಂಪಗೆ ಕಾಯುತ್ತದೆಂದು ಅದರ ಹೊರಮೈಯನ್ನು ನಿಕ್ಕಲ್ ಮಿಶ್ರಲೋಹದಿಂದ ಮಾಡಬೇಕಾಯಿತು. 1943ರ ತಟ್ಟೆ ಯಾವ ತಗಡಿನದು ಎಂದು ಡಬ್ಬ ಹೇಳಿರಲಿಲ್ಲ.

ಕಾನೂನು ಎಲ್ಲಿ ನೋಡುತ್ತದೆ

ಜರ್ಮನ್ ದಂಡ ಸಂಹಿತೆಯ 86ಎ ಕಲಂ ಸಂವಿಧಾನವಿರೋಧಿ ಸಂಘಟನೆಗಳ ಗುರುತುಗಳನ್ನು ಸಾರ್ವಜನಿಕವಾಗಿ ಬಳಸುವುದನ್ನು, ಹಂಚುವುದನ್ನು ತಡೆಯುತ್ತದೆ. ಶಿಕ್ಷೆ ದಂಡ, ಇಲ್ಲವೇ ಮೂರು ವರ್ಷದವರೆಗೆ ಸೆರೆ. ಕಲೆ, ವಿಜ್ಞಾನ, ಸಂಶೋಧನೆ, ಬೋಧನೆ, ಇತಿಹಾಸದ ವರದಿ ಇತ್ಯಾದಿಗಳಿಗೆ ವಿನಾಯಿತಿ ಇದೆ. ಆಟಿಕೆಗೆ? 1979ರಲ್ಲೇ ಫೆಡರಲ್ ನ್ಯಾಯಾಲಯದ ಮುಂದೆ ಈ ಪ್ರಶ್ನೆ ಬಂದು, ಮೂಲಕ್ಕೆ ನಿಷ್ಠವಾಗಿ ಮಾಡಿದ ಯುದ್ಧವಿಮಾನದ ಮಾಡೆಲ್ ಮೇಲಿನ ಸ್ವಸ್ತಿಕಕ್ಕೂ ನಿಷೇಧ ಅನ್ವಯ ಎಂದಾಯಿತು.

ಅದರ ಪರಿಣಾಮವನ್ನು ಭಾರತದಲ್ಲಿ ಕೂತು ಕಿಟ್ಟು ತರಿಸುವವರೂ ನೋಡಿರುತ್ತಾರೆ. ಜರ್ಮನ್ ಮಾರುಕಟ್ಟೆಗೆಂದು ಬಂದ ಡಬ್ಬದಲ್ಲಿ ವಿಮಾನದ ಬಾಲ ಬೋಳು. ಡೆಕಾಲ್ ಹಾಳೆಯ ಮೂಲೆಯಲ್ಲಿ ಕೆಲವು ಕಂಪನಿಗಳು ಆ ಗುರುತನ್ನು ಎರಡು ಅರ್ಧ ಮಾಡಿ ಅಚ್ಚು ಹಾಕಿರುತ್ತವೆ. ನೀರಿನಲ್ಲಿ ನೆನೆಸಿ, ಕುಂಚದ ತುದಿಯಲ್ಲಿ ಜಾರಿಸಿ, ಜೋಡಿಸಿಕೊಳ್ಳುವ ಹೊಣೆ ಕೊಂಡವನದು. ಹಾಳೆಯ ಮೇಲೆ ಇರುವುದು ಅರ್ಥವಿಲ್ಲದ ಎರಡು ಕೊಕ್ಕೆ, ಆದ್ದರಿಂದ ಅಪರಾಧವೂ ಇಲ್ಲ. ಹೊಸಿಲಿಗೆ, ಅಂಗಡಿಯ ಹೊಸ ಲೆಕ್ಕದ ಪುಸ್ತಕಕ್ಕೆ ಸ್ವಸ್ತಿಕ ಬರೆಯುವ ನಮಗೆ ಈ ಕಸರತ್ತು ವಿಚಿತ್ರವೆನಿಸಬಹುದು. ಫಿನ್ಲೆಂಡಿನವರ ಗೋಳು ನಮಗಿಂತ ಹತ್ತಿರದ್ದು: ಅವರ ವಾಯುಪಡೆ 1918ರಲ್ಲಿ, ನಾಜಿ ಪಕ್ಷ ಹುಟ್ಟುವ ಮೊದಲೇ, ನೀಲಿ ಸ್ವಸ್ತಿಕವನ್ನು ಗುರುತಾಗಿ ತೆಗೆದುಕೊಂಡಿತ್ತು.

ಕಾನೂನು ಕುರುಡೇನಲ್ಲ. 2009ರಲ್ಲಿ ಓಟ್ಮಾರ್ ಹ್ಯೋರ್ಲ್ ಎಂಬ ಕಲಾವಿದ ಮಾಡಿದ, ಹಿಟ್ಲರ್ ವಂದನೆಯಲ್ಲಿ ಕೈ ಎತ್ತಿ ನಿಂತ, ಜರ್ಮನರು ಮನೆಯ ತೋಟದಲ್ಲಿ ಇಡುವಂಥ ಕುಳ್ಳನ ಗೊಂಬೆಯೊಂದು ನ್ಯೂರೆಂಬರ್ಗ್‌ನ ಗ್ಯಾಲರಿಯ ಕಿಟಕಿಯಲ್ಲಿ ಕಂಡು ದೂರು ಹೋಯಿತು. ಪ್ರಾಸಿಕ್ಯೂಟರ್ ಪರಿಶೀಲಿಸಿ, ಇದು ನಾಜಿಗಳನ್ನು ಲೇವಡಿ ಮಾಡುವ ಕೆಲಸ, ಅಪರಾಧವಲ್ಲ ಎಂದರು. ಗುರುತು ಇದ್ದರೂ ಉದ್ದೇಶ ನೋಡಿ ಬಿಟ್ಟರು. ತಟ್ಟೆಯದು ಇದರ ತದ್ವಿರುದ್ಧ. ಅದರ ಮೇಲಿದ್ದ ಶಿಲುಬೆಗೆ ನಿಷೇಧವಿಲ್ಲ, ಆದ್ದರಿಂದ ಯಾರೂ ಉದ್ದೇಶದ ವಿಚಾರಣೆಗೇ ಇಳಿಯಬೇಕಾಗಲಿಲ್ಲ. ಸುಳ್ಳು ಚರಿತ್ರೆ ಬರೆದದ್ದಕ್ಕೆ ಈ ಕಲಂನಲ್ಲಿ ಜಾಗವಿಲ್ಲ. ಇರಲೂಬಾರದು ಎಂದೇ ನನ್ನ ಅನಿಸಿಕೆ, ಏಕೆಂದರೆ ಡಬ್ಬದ ಮೇಲಿನ ಪ್ಯಾರಾ ತಿದ್ದುವ ಕೆಲಸ ಪೊಲೀಸರಿಗೆ ಬಿದ್ದರೆ ನಾಳೆ ಅದು ಎಲ್ಲಿಗೆ ನಿಲ್ಲುತ್ತದೋ.

ಗುರುತನ್ನು ಕಾಯುವ ಚಪಲ ಬೇರೆಯವರಿಗೂ ಇತ್ತೆಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಹಿಟ್ಲರ್ ಅಧಿಕಾರಕ್ಕೆ ಬಂದ ಕೆಲವೇ ತಿಂಗಳಲ್ಲಿ, 1933ರ ಮೇ 19ರಂದು, ನಾಜಿ ಸರ್ಕಾರವೇ ರಾಷ್ಟ್ರೀಯ ಗುರುತುಗಳ ರಕ್ಷಣೆಗೆ ಕಾಯ್ದೆ ತಂದಿತು. ಸ್ವಸ್ತಿಕವನ್ನು ಕಂಡಕಂಡ ಅಗ್ಗದ ಸಾಮಾನಿನ ಮೇಲೆ ಹಾಕಿ ಮಾರುವುದು ಅವರಿಗೆ ಅವಮಾನವೆನಿಸಿತ್ತು. ಗೊಂಬೆ ಸೈನಿಕರಿಗೆ ಮಾತ್ರ ಅಡ್ಡಿಯಿರಲಿಲ್ಲ. ಹೌಸರ್ ಸೋದರರ ‘ಎಲಾಸ್ಟೋಲಿನ್’, ಬ್ರಾಂಡೆನ್‌ಬುರ್ಗ್‌ನ ‘ಲಿನಿಯೋಲ್’ ಕಂಪನಿಗಳು ಮರದ ಹೊಟ್ಟು, ಅಂಟು ಕಲಸಿದ ಮುದ್ದೆಯನ್ನು ತಂತಿಯ ಹಂದರದ ಮೇಲೆ ಒತ್ತಿ, ಬಣ್ಣ ಬಳಿದು ಸಾಲುಸಾಲು ಸಮವಸ್ತ್ರಧಾರಿಗಳನ್ನು ಹೊರತಂದವು. ಹಿಟ್ಲರ್ ಗೊಂಬೆಯ ಬಲಗೈ ಮೇಲೆ ಕೆಳಗೆ ಆಡುತ್ತಿತ್ತು, ಮಗು ತಾನೇ ವಂದನೆ ಮಾಡಿಸಬಹುದಿತ್ತು. ಇಂದು ಇವೇ ಸಂಗ್ರಾಹಕರ ಹರಾಜಿನಲ್ಲಿ ಬರುತ್ತವೆ. ವಿಷಕಾರಿ ವಸ್ತುಗಳೇ, ಆದರೆ ಸುಳ್ಳು ವಸ್ತುಗಳಲ್ಲ: ಆ ಕಾಲ ಮಕ್ಕಳ ಕೈಗೆ ಏನು ಕೊಟ್ಟಿತ್ತು ಎಂಬುದಕ್ಕೆ ಅವೇ ಸಾಕ್ಷಿ. ಆದ್ದರಿಂದಲೇ ನಾನು ಒಂದು ಎಲಾಸ್ಟೋಲಿನ್ ಹಿಟ್ಲರನನ್ನು ಗಾಜಿನ ಹಿಂದೆ ನೋಡಬಲ್ಲೆ, ಹೌನೆಬು ಡಬ್ಬವನ್ನು ನೋಡಿದರೆ ಮೈ ಉರಿಯುತ್ತದೆ.

ತಟ್ಟೆ ಎಲ್ಲಿಂದ ಹಾರಿಬಂತು

ಯುದ್ಧಕಾಲದ ಯಾವ ಕಡತದಲ್ಲೂ ಹೌನೆಬು ಇಲ್ಲ. ಜರ್ಮನಿಯಲ್ಲಿ ದುಂಡು ರೆಕ್ಕೆಯ ವಿಮಾನ ಮಾಡಲು ಹೊರಟವನು ಒಬ್ಬನಿದ್ದ, ಆರ್ತೂರ್ ಸಾಕ್. ಅವನ ಎಎಸ್-6 ವಿಮಾನ 1944ರಲ್ಲಿ ಓಡುದಾರಿಯ ಮೇಲೆ ಕುಪ್ಪಳಿಸಿದ್ದಕ್ಕಿಂತ ಹೆಚ್ಚೇನೂ ಮಾಡಲಿಲ್ಲ. ‘ಹಾರುವ ತಟ್ಟೆ’ ಎಂಬ ಮಾತು ಪತ್ರಿಕೆಗಳಿಗೆ ಬಂದದ್ದೇ 1947ರ ಜೂನ್‌ನಲ್ಲಿ, ಅಮೆರಿಕದ ಪೈಲಟ್ ಕೆನೆತ್ ಆರ್ನಾಲ್ಡ್ ಆಕಾಶದಲ್ಲಿ ಏನನ್ನೋ ಕಂಡೆನೆಂದ ಮೇಲೆ. ತಟ್ಟೆ ಸುದ್ದಿಯಾದ ನಂತರ ಅದಕ್ಕೆ ಅಪ್ಪಂದಿರು ಹುಟ್ಟಿಕೊಂಡರು. 1950ರ ಮಾರ್ಚ್‌ನಲ್ಲಿ ಮುಸೊಲಿನಿ ಕಾಲದ ಮಂತ್ರಿ, ಟರ್ಬೈನ್ ತಜ್ಞ ಜುಸೆಪ್ಪೆ ಬೆಲ್ಲುಟ್ಸೊ ಇದು ಇಟಲಿ-ಜರ್ಮನಿಯ ಯುದ್ಧಕಾಲದ ಯೋಜನೆ ಎಂದ. ಅದೇ ತಿಂಗಳು ರುಡಾಲ್ಫ್ ಷ್ರೀವರ್ ಎಂಬ ಜರ್ಮನ್ ತಾನೇ ವಿನ್ಯಾಸ ಮಾಡಿದ್ದೆ ಎಂದ. ವೇಗದ ಅಂಕಿಗಳು ಪುಸ್ತಕದಿಂದ ಪುಸ್ತಕಕ್ಕೆ ಏರುತ್ತ ಹೋದವು. ‘ವ್ರಿಲ್’ ಶಕ್ತಿ, ರಹಸ್ಯ ಸಂಘ, ಅಂಟಾರ್ಕ್ಟಿಕಾದ ಅಡಗುತಾಣ ಇವೆಲ್ಲ ಆಮೇಲೆ ಸೇರಿಕೊಂಡವು. ‘ವ್ರಿಲ್’ ಮೊದಲು ಕಾಣಿಸಿದ್ದು 1871ರ ಒಂದು ಇಂಗ್ಲಿಷ್ ಕಾದಂಬರಿಯಲ್ಲಿ. ಹೌನೆಬು ಸರಣಿ ಈಗಿನ ರೂಪದಲ್ಲಿ, ನೀಲನಕ್ಷೆ ಸಮೇತ ಹರಡಿದ್ದು 1990ರ ದಶಕದ ಆರಂಭದಲ್ಲಿ, ವಿಯೆನ್ನಾ ಕಡೆಯ ರಹಸ್ಯವಾದಿಗಳ ಬಳಗದಿಂದ.

ಈ ನಡುವೆ ಬರುವವನು ಎರ್ನ್ಸ್ಟ್ ತ್ಸ್ಯುಂಡೆಲ್. ಕೆನಡಾದ ಟೊರಾಂಟೋದಲ್ಲಿದ್ದ ಈ ಜರ್ಮನ್ 1970ರ ದಶಕದಲ್ಲಿ ನಾಜಿ ತಟ್ಟೆಗಳ ಬಗ್ಗೆ ಪುಸ್ತಕ ಹೊರಡಿಸಿ ಮಾರಿದ. ಅವನ ನಿಜವಾದ ಸರಕು ಬೇರೆ: ಯಹೂದ್ಯರ ನರಮೇಧ ನಡೆದೇ ಇಲ್ಲ ಎಂಬ ಪ್ರಚಾರ. ತಟ್ಟೆಯ ಪುಸ್ತಕಗಳ ಬಗ್ಗೆ ಅವನೇ ಮುಂದೊಮ್ಮೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡ: ಜನಕ್ಕೆ ಪಾಠ ಬೇಡ, ಮನರಂಜನೆ ಬೇಕು, ತಟ್ಟೆಯ ಹೆಸರಿನಲ್ಲಿ ರೇಡಿಯೊ, ಟಿವಿಯವರು ಕರೆಯುತ್ತಾರೆ, ಕರೆದ ಮೇಲೆ ಉಳಿದದ್ದನ್ನೂ ಹೇಳಬಹುದು. 2005ರಲ್ಲಿ ಕೆನಡಾ ಅವನನ್ನು ಗಡೀಪಾರು ಮಾಡಿತು, 2007ರಲ್ಲಿ ಮಾನ್‌ಹೈಮ್ ನ್ಯಾಯಾಲಯ ಐದು ವರ್ಷ ಸೆರೆ ವಿಧಿಸಿತು. ವೇನರ್ ಅವರ ಎರಡನೇ ಮಾತು ಅತಿಯಾಯಿತು, ಒಂದು ಆಟಿಕೆಗೆ ಇಷ್ಟು ರಂಪವೇಕೆ ಎನ್ನುವವರು ಈ ಒಬ್ಬನ ಕಸುಬನ್ನು ನೋಡಿದರೆ ಸಾಕು. ತಟ್ಟೆ ಅವನಿಗೆ ಬಾಗಿಲಾಗಿತ್ತು. ‘ನಿಮಗೆ ಹೇಳಿದ ಚರಿತ್ರೆ ಪೂರ್ತಿಯಲ್ಲ’ ಎಂದು ತಟ್ಟೆಯ ವಿಷಯದಲ್ಲಿ ಒಪ್ಪಿದವನಿಗೆ ಅದೇ ಮಾತನ್ನು ಆಶ್‌ವಿಟ್ಸ್ ಮರಣಶಿಬಿರದ ವಿಷಯದಲ್ಲಿ ಹೇಳುವುದು ಸುಲಭ.

ಇದು ನಮಗೆ ದೂರದ ಕಥೆಯಲ್ಲ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರ ನಡುವೆ ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ ಪ್ರಾಚೀನ ಭಾರದ್ವಾಜ ಗ್ರಂಥವೆಂದು ಪ್ರಸಿದ್ಧಿಯಾಯಿತು. 1973ರಲ್ಲಿ ಮೈಸೂರಿನ ಜಿ.ಆರ್. ಜೋಸ್ಯರ್ ಅದರ ಇಂಗ್ಲಿಷ್ ಅನುವಾದ ಪ್ರಕಟಿಸಿದರು. ಶಕುನ, ರುಕ್ಮ, ಸುಂದರ ಮುಂತಾದ ವಿಮಾನಗಳ ಚಿತ್ರ ಬರೆದವರು ಬೆಂಗಳೂರಿನ ನಕ್ಷೆಗಾರರು. ಮರುವರ್ಷವೇ, 1974ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ನಾಲ್ವರು ಸಹೋದ್ಯೋಗಿಗಳು ಕೂತು ಲೆಕ್ಕ ಹಾಕಿದರು. ಪಠ್ಯದ ಭಾಷೆ ಇಪ್ಪತ್ತನೇ ಶತಮಾನದ ಆರಂಭದ್ದು, ವಿವರಿಸಿದ ಯಾವ ವಿಮಾನಕ್ಕೂ ಹಾರುವ ಗುಣವಿಲ್ಲ ಎಂಬುದು ಅವರ ತೀರ್ಮಾನ. ಗೇಲಿ ಮಾಡದೆ, ಗುರುತ್ವ ಕೇಂದ್ರ ಎಲ್ಲಿ, ಎತ್ತುವ ಬಲ ಎಷ್ಟು ಎಂದು ಕೇಳಿ ಕೊಟ್ಟ ಉತ್ತರ ಅದು. ನಾಜಿ ತಟ್ಟೆಯ ಕಥೆ ಹೇಳುವವರಲ್ಲಿ ಕೆಲವರು ಈ ವಿಮಾನಗಳನ್ನೂ ಎಳೆದು ತರುತ್ತಾರೆ, ಜರ್ಮನರು ತಂತ್ರವನ್ನು ಇಲ್ಲಿಂದಲೇ ಒಯ್ದರೆಂದು. ಆನೇಕಲ್ಲಿನ ಶಾಸ್ತ್ರಿಗಳು ಯಾರಿಗೂ ಕೇಡು ಬಯಸಿದವರಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಅನ್ಯಾಯ. ಆದರೆ ಅಳತೆ, ಅಡ್ಡಸೀಳಿಕೆ, ಭಾಗಗಳ ಹೆಸರು ಬರೆದ ನಕ್ಷೆಯೊಂದು ಕಣ್ಣೆದುರು ಬಂದರೆ ನಮ್ಮ ಸಂಶಯ ಎಷ್ಟು ಬೇಗ ಮಲಗುತ್ತದೆ ಎಂಬುದಕ್ಕೆ ಎರಡೂ ಉದಾಹರಣೆ.

‘ವಾಟ್-ಇಫ್’ ಎಂದಿದ್ದರೆ?

ಸಂಗ್ರಾಹಕರ ಕಡೆಯ ವಾದ ಹೀಗಿರುತ್ತದೆ: ಸ್ಟಾರ್‌ಷಿಪ್‌ಗಳ ಕಿಟ್ಟು ಮಾರುವುದಿಲ್ಲವೇ, ಅದೂ ಕಲ್ಪನೆ ತಾನೇ? ಈ ವಾದದಲ್ಲಿ ಹುರುಳಿದೆ. ಹವ್ಯಾಸದೊಳಗೆ ಇಂಥ ಕಲ್ಪನೆಗೆ ಹಳೆಯ, ಗೌರವದ ಜಾಗವೂ ಇದೆ. ಕಾಗದದ ಮೇಲೆ ಉಳಿದ ಜರ್ಮನ್ ವಿಮಾನಗಳು ಯುದ್ಧ 1946ರವರೆಗೆ ನಡೆದಿದ್ದರೆ ಹೇಗಿರುತ್ತಿದ್ದವು ಎಂದು ಕಟ್ಟುವವರು ತಮ್ಮ ಪ್ರಕಾರವನ್ನು ‘ಲುಫ್ಟ್ 46’ ಎನ್ನುತ್ತಾರೆ. ಇನ್ನೂ ಅಗಲವಾಗಿ ಹೇಳುವುದಾದರೆ ‘ವಾಟ್-ಇಫ್’. ಸ್ಪರ್ಧೆಗಳಲ್ಲಿ ಆ ಹೆಸರಿನ ವಿಭಾಗವೇ ಇರುತ್ತದೆ. ಮಾಡೆಲ್ ಪಕ್ಕದ ಚೀಟಿಯಲ್ಲಿ ಕಟ್ಟಿದವನು ತನ್ನ ಕಲ್ಪನೆಯ ಕಥೆ ಬರೆದಿರುತ್ತಾನೆ, ನೋಡುವವರಿಗೂ ಅದು ಕಲ್ಪನೆಯೆಂದು ಗೊತ್ತಿರುತ್ತದೆ. ರೆವೆಲ್ ಡಬ್ಬದ ಮೇಲೆ ಆ ಒಂದು ಮಾತು ಹಾಕಿದ್ದರೆ ವೇನರ್ ಅವರ ಆಕ್ಷೇಪದ ಮುಕ್ಕಾಲು ಪಾಲು ಕರಗುತ್ತಿತ್ತು. ಉಳಿದ ಕಾಲು ಪಾಲು ಚಿತ್ರದ್ದು. ‘ಹೀಗಾಗಿದ್ದರೆ’ ಎಂಬ ಕಲ್ಪನೆಯಲ್ಲಿ ಪ್ರತಿ ಸಲ ಗೆಲ್ಲುವುದು ಅದೇ ಶಿಲುಬೆಯ ವಿಮಾನವೇ ಏಕೆ ಎಂಬ ಪ್ರಶ್ನೆಗೆ ‘ಲುಫ್ಟ್ 46’ ಗೆಳೆಯರು ಸಾಮಾನ್ಯವಾಗಿ ಮಾತು ತಿರುಗಿಸುತ್ತಾರೆ.

ಹಾಗಾದರೆ ಡಬ್ಬವನ್ನು ವಾಪಸ್ ಪಡೆದದ್ದು ಸರಿಯೇ? ಆ ಡಬ್ಬ, ಆ ವಿವರಣೆಯೊಂದಿಗೆ, ಅಂಗಡಿಯಲ್ಲಿ ಇರಬಾರದಿತ್ತು. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ತಪ್ಪು ಇದ್ದದ್ದು ಪ್ಲಾಸ್ಟಿಕ್‌ನಲ್ಲಲ್ಲ. ಹೊಸ ಹಾಳೆ ಅಚ್ಚು ಹಾಕಿ, ಇದು 1950ರಿಂದೀಚೆಗೆ ಹುಟ್ಟಿದ ಕಟ್ಟುಕಥೆ, ಅದನ್ನು ಹಬ್ಬಿಸಿದವರಲ್ಲಿ ಇಂಥವರಿದ್ದರು, ಯುದ್ಧಕಾಲದ ದಾಖಲೆಯಲ್ಲಿ ಇದು ಇಲ್ಲ ಎಂದು ನಾಲ್ಕು ಸಾಲು ಬರೆದಿದ್ದರೆ, ಆ ಕಿಟ್ಟು ಕೊಂಡ ಹುಡುಗ ಶಾಲೆಯಲ್ಲಿ ಕಲಿಯದ ಒಂದು ಪಾಠ ಕಲಿಯುತ್ತಿದ್ದ. ತೆಗೆದುಹಾಕುವುದು ಅಗ್ಗ, ಬೇಗ. ದಿವಾಳಿಯಿಂದ ಈಗಷ್ಟೇ ಎದ್ದ ಕಂಪನಿಯಿಂದ ಅದಕ್ಕಿಂತ ಹೆಚ್ಚು ನಿರೀಕ್ಷಿಸುವುದು ಕಷ್ಟವೆಂದೂ ಗೊತ್ತು. ಆದರೆ ಆಗಲೇ ಮಾರಾಟವಾಗಿದ್ದ ಡಬ್ಬಗಳು ಹಳೆಯ ಹಾಳೆಯೊಂದಿಗೆ ಜನರ ಮನೆಯಲ್ಲೇ ಉಳಿದವು.

ನಿಜವಾಗಿ ಮೇಲಕ್ಕೆ ಹೋದದ್ದು

ಈ ಪ್ರಕರಣದ ವರದಿಗಳಲ್ಲಿ ನನಗೆ ಕಡಿಮೆಯೆನಿಸಿದ ಒಂದು ವಿಷಯವಿದೆ. ‘ಬಾಹ್ಯಾಕಾಶದಲ್ಲಿ ಹಾರಬಲ್ಲ ಜಗತ್ತಿನ ಮೊದಲ ವಸ್ತು’ ಎಂಬ ಆ ಸಾಲಿನ ಅಡಿಯಲ್ಲಿ ಒಂದು ನಿಜ ಹೂತುಹೋಗಿತ್ತು. ಬಾಹ್ಯಾಕಾಶದ ಅಂಚು ದಾಟಿದ ಮೊದಲ ಮಾನವನಿರ್ಮಿತ ವಸ್ತು ನಾಜಿ ಜರ್ಮನಿಯದೇ. 1944ರ ಜೂನ್ 20ರಂದು ಪೇನೆಮ್ಯುಂಡೆಯ ರಾಕೆಟ್ ಕೇಂದ್ರದಿಂದ ನೆಟ್ಟಗೆ ಮೇಲಕ್ಕೆ ಹಾರಿಸಿದ ವಿ-2 ರಾಕೆಟ್ ಸುಮಾರು 176 ಕಿ.ಮೀ. ಎತ್ತರ ಮುಟ್ಟಿತು. ಅದೇ ಸೆಪ್ಟೆಂಬರ್‌ನಿಂದ ಅವು ಪ್ಯಾರಿಸ್, ಲಂಡನ್, ಆಂಟ್‌ವರ್ಪ್ ಮೇಲೆ ಬೀಳತೊಡಗಿದವು.

ರಾಕೆಟ್ ತಯಾರಾದದ್ದು ಬೇರೆ ಕಡೆ. 1943ರ ಆಗಸ್ಟ್‌ನಲ್ಲಿ ಬ್ರಿಟಿಷ್ ವಾಯುಪಡೆ ಪೇನೆಮ್ಯುಂಡೆಯ ಮೇಲೆ ಬಾಂಬ್ ಹಾಕಿದ ಮೇಲೆ ಕಾರ್ಖಾನೆಯನ್ನು ನೋರ್ಡ್‌ಹೌಸೆನ್ ಬಳಿಯ ಕೋನ್‌ಸ್ಟೈನ್ ಗುಡ್ಡದ ಸುರಂಗಗಳಿಗೆ ಸಾಗಿಸಿದರು. ಸುರಂಗ ಅಗೆದು ಅಗಲಿಸಿದವರು ನಾಜಿಗಳ ಬುಖೆನ್‌ವಾಲ್ಡ್ ಸೆರೆಶಿಬಿರದಿಂದ ತಂದ ಕೈದಿಗಳು. ಆರಂಭದ ತಿಂಗಳುಗಳಲ್ಲಿ ಅವರು ಮಲಗುತ್ತಿದ್ದುದೂ ಸುರಂಗದೊಳಗೇ, ಮರದ ಅಟ್ಟಣಿಗೆಗಳ ಮೇಲೆ, ಕಲ್ಲು ಸಿಡಿಸಿದ ಧೂಳಿನ ನಡುವೆ. ಮಿಟೆಲ್‌ಬೌ-ಡೋರಾ ಎಂದು ಹೆಸರಾದ ಆ ಶಿಬಿರ ಸಮೂಹಕ್ಕೆ ಸುಮಾರು 60,000 ಮಂದಿಯನ್ನು ತಂದರು. ಅವರಲ್ಲಿ ಸುಮಾರು 20,000 ಮಂದಿ ಸತ್ತರು. ವಿ-2 ಬಿದ್ದು ಸತ್ತವರಿಗಿಂತ ಅದನ್ನು ಕಟ್ಟುವ ವ್ಯವಸ್ಥೆಯಲ್ಲಿ ಸತ್ತವರೇ ಹೆಚ್ಚು ಎಂಬುದು ಇತಿಹಾಸಕಾರರು ಸಾಮಾನ್ಯವಾಗಿ ಒಪ್ಪುವ ಲೆಕ್ಕ.

ತಟ್ಟೆಯ ಕಥೆಯಲ್ಲಿ ಈ ಜನ ಇಲ್ಲ. ಅಲ್ಲಿ ರಹಸ್ಯ ಶಕ್ತಿಯಿದೆ, ಪ್ರತಿಭಾವಂತ ವಿಜ್ಞಾನಿಗಳಿದ್ದಾರೆ, ಹೊಳೆಯುವ ಲೋಹವಿದೆ, ಮಣ್ಣು ಹೊತ್ತವರಿಲ್ಲ. ಆಡಳಿತವೊಂದನ್ನು ಹೊಗಳಲು ಅದರ ನಾಯಕನ ಗೊಂಬೆ ಮಾಡಬೇಕೆಂದೇನಿಲ್ಲ, ಅದು ಮಾಡದ ಸಾಹಸವನ್ನು ಅದರ ಹೆಸರಿಗೆ ಬರೆದರೂ ಸಾಕು. ವೇನರ್ ಕೆಲಸ ಮಾಡುತ್ತಿದ್ದ ಡ್ರೆಸ್ಡೆನ್ ಸಂಗ್ರಹಾಲಯದಲ್ಲಿ ಒಂದು ವಿ-2 ನಿಂತಿದೆ, ಯುದ್ಧ ಮತ್ತು ಆಟಿಕೆಗಳ ನಂಟನ್ನು ತೋರಿಸುವ ವಿಭಾಗವೂ ಅದೇ ಕಟ್ಟಡದಲ್ಲಿದೆ. ಎರಡನ್ನೂ ದಿನವೂ ನೋಡುವವರಿಗೆ ತಟ್ಟೆಯ ಡಬ್ಬ ಕಣ್ಣು ಚುಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ.

ಇಷ್ಟು ಹೇಳಿದ ಮೇಲೆ ನಿಜವಾದ ರಾಕೆಟ್ಟಿನ ಕಿಟ್ಟಿನ ಬಗ್ಗೆಯೂ ಹೇಳಲೇಬೇಕು. ವಿ-2 ಕಿಟ್ಟುಗಳು ಹಲವು ಕಂಪನಿಗಳಿಂದ ಸಿಗುತ್ತವೆ. 14 ಮೀಟರ್ ಉದ್ದದ ರಾಕೆಟ್ 1:72ರಲ್ಲಿ ಹತ್ತೊಂಬತ್ತು ಸೆಂಟಿಮೀಟರ್ ಚಿಲ್ಲರೆ; ಕಪ್ಪು-ಬಿಳಿ ಚೌಕುಳಿ ಬಣ್ಣ ಹಾಕಲು ಟೇಪ್ ಅಂಟಿಸುವುದೇ ಒಂದು ಸಂಜೆಯ ಕೆಲಸ, ಮುಗಿದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ನಾನು ನೋಡಿದ ಹಾಳೆಗಳಲ್ಲಿ ಉದ್ದ, ತೂಕ, ಆಲ್ಕೋಹಾಲ್ ಮತ್ತು ದ್ರವ ಆಮ್ಲಜನಕದ ಇಂಧನ, ಒಂದು ಟನ್ ಸಿಡಿತಲೆ, ರಾಕೆಟ್ಟಿನ ವಿನ್ಯಾಸಕ ವೆರ್ನರ್ ಫಾನ್ ಬ್ರೌನ್ ಹೆಸರು ಎಲ್ಲವೂ ಇದ್ದವು, ಎಲ್ಲವೂ ಸರಿಯಾಗಿದ್ದವು. ಮಿಟೆಲ್‌ಬೌ-ಡೋರಾ ಇರಲಿಲ್ಲ. ರೆವೆಲ್ ತಟ್ಟೆಯ ಮೇಲೆ ಬಂದ ದೂರಿಗೆ ಬಳಸಿದ ಅಳತೆಗೋಲನ್ನೇ ಈ ಹಾಳೆಗೂ ಇಟ್ಟರೆ ಅದೂ ಪಾಸಾಗುವುದಿಲ್ಲ, ಮತ್ತು ಇದನ್ನು ಸರಿಪಡಿಸಲು ಯಾವ ಕಿಟ್ಟನ್ನೂ ಹಿಂಪಡೆಯಬೇಕಾಗಿಲ್ಲ, ಎರಡು ಸಾಲು ಸೇರಿಸಿದರೆ ಸಾಕು.